ಹಳೇ ಬಚ್ಚಲುಮನೆ ಎರಡಾದ ಕಥೆ

ಶಿಡ್ಲಘಟ್ಟ ಕಡೆಯ ಹಳೇ ಮನೆಗಳಲ್ಲಿ ಬಚ್ಚಲುಮನೆ ಅಂದರೆ ಚಿಕ್ಕ ಜಾಗ ಅಲ್ಲ. ನಮ್ಮದು 14 ಅಡಿ ಉದ್ದ, 8 ಅಡಿ ಅಗಲ. ಸುತ್ತ ಒಂದೂವರೆ ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ. ಮೇಲೆ ಕಲ್ಲು ಚಪ್ಪಡಿ, ಕೆಳಗೂ ಕಲ್ಲು ಚಪ್ಪಡಿ. ಒಂದು ಮೂಲೆಯಲ್ಲಿ ಒಲೆ ಮೇಲೆ ತಾಮ್ರದ ಹಂಡೆ, ಪಕ್ಕದಲ್ಲಿ ಸಿಮೆಂಟ್ ತೊಟ್ಟಿ. ಇನ್ನೊಂದು ಮೂಲೆಯಲ್ಲಿ ಮಾವ ಎಂದೋ ಅಡ್ಡಗೋಡೆ ಎಬ್ಬಿಸಿ ಹಾಕಿಸಿದ್ದ ಇಂಡಿಯನ್ ಕಮೋಡು. ಗೋಡೆಯೆಲ್ಲ ಹೊಗೆ ಹಿಡಿದು ಕಪ್ಪು. ನಲ್ಲಿ ತಿರುಗಿಸಿದರೆ ಮೊದಲು ತುಕ್ಕಿನ ನೀರು, ಆಮೇಲೆ ಒಳ್ಳೇ ನೀರು.

ಇಷ್ಟು ದೊಡ್ಡ ಜಾಗ ಇದ್ದೂ ಯಾರಿಗೂ ಅನುಕೂಲ ಇರಲಿಲ್ಲ. ಕಾರಣ ಒಂದೇ. ತೋಟದಿಂದ ಬರುವವರೂ ಇದರಲ್ಲೇ ಕಾಲು ತೊಳೆಯಬೇಕು, ನೆಂಟರೂ ಇದರಲ್ಲೇ ಸ್ನಾನ ಮಾಡಬೇಕು. ನಮ್ಮದು ಕೆಂಪು ಮಣ್ಣು. ಹಿಪ್ಪುನೇರಳೆ ತೋಟಕ್ಕೆ ನೀರು ಬಿಟ್ಟ ದಿನ ಒಬ್ಬರು ಒಳಗೆ ಬಂದು ಹೋದರೆ ಸಾಕು, ಹಿತ್ತಲ ಬಾಗಿಲಿಂದ ನಡುಮನೆವರೆಗೂ ಹೆಜ್ಜೆ ಗುರುತು. ಬೆಂಗಳೂರಿನಿಂದ ಬರುವ ನಾದಿನಿ ಸೀರೆ ಎತ್ತಿ ಹಿಡಿದುಕೊಂಡೇ ಬಚ್ಚಲಿಗೆ ಹೋಗುತ್ತಿದ್ದಳು. ಮಾವನ ಅಕ್ಕ, ನಾವು ದೊಡ್ಡತ್ತೆ ಅಂತ ಕರೆಯೋದು, ಅವರಿಗೆ ಮಂಡಿನೋವು. ಕುಕ್ಕರುಗಾಲಲ್ಲಿ ಕೂರೋಕೆ ಆಗಲ್ಲ. ಆದ್ದರಿಂದ ನಮ್ಮ ಮನೆಗೆ ಬಂದರೆ ರಾತ್ರಿ ಉಳಿಯುತ್ತಲೇ ಇರಲಿಲ್ಲ. ಅದು ಮಾವನಿಗೆ ಒಳಗೊಳಗೇ ಬೇಜಾರು.

ಹಾಗಂತ ಮಾವ ಸುಲಭಕ್ಕೆ ಒಪ್ಪಲಿಲ್ಲ. "ಗಟ್ಟಿಮುಟ್ಟಾಗಿರೋದನ್ನ ಯಾಕಮ್ಮಾ ಒಡೀಬೇಕು?" ಅಂತ ಅವರ ಪ್ರಶ್ನೆ. ಒಪ್ಪಿಸಿದ್ದು ನಮ್ಮವರು ತೆಗೆದ ರೇಷ್ಮೆ ಹುಳುವಿನ ಮಾತು.

ಹುಳು ಸಾಕುವವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಹುಳುಮನೆಗೆ ಯಾರೂ ನೇರವಾಗಿ ನುಗ್ಗುವ ಹಾಗಿಲ್ಲ. ಮುಂದೆ ಒಂದು ಚಿಕ್ಕ ಕೋಣೆ ಇರುತ್ತದೆ. ಅಲ್ಲಿ ಚಪ್ಪಲಿ ಬಿಡಬೇಕು, ಬ್ಲೀಚಿಂಗ್ ಪೌಡರ್ ನೀರಲ್ಲಿ ಕಾಲು ಅದ್ದಬೇಕು, ಕೈ ತೊಳೆಯಬೇಕು, ಆಮೇಲೆ ಒಳಗೆ. ಔಷಧಿ ಹೊಡೆದ ಬಟ್ಟೆಯಲ್ಲಿ ಹೋದರಂತೂ ಕಥೆ ಮುಗಿಯಿತು. ಅಕ್ಕಪಕ್ಕದ ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧಿಯ ಗಾಳಿ ಸೊಪ್ಪಿನ ಮೇಲೆ ಬಂದರೂ ಹುಳು ಸಾಯುತ್ತವೆ. "ಹುಳಕ್ಕೆ ಕಾಲು ತೊಳ್ಕೊಂಡು ಹೋಗೋಕೆ ಬೇರೆ ಕೋಣೆ ಕಟ್ಟಿದ್ದೀಯಲ್ಲಪ್ಪ, ನಿನ್ನ ಅಕ್ಕನಿಗೆ ಕಟ್ಟಲ್ವಾ?" ಅಂದರು ನಮ್ಮವರು. ಮಾವ ಮಾತಾಡಲಿಲ್ಲ. ಮಾರನೇ ದಿನ ಮೇಸ್ತ್ರಿಗೆ ಫೋನ್ ಮಾಡಿದ್ದು ಅವರೇ.

ಮೇಸ್ತ್ರಿ ಬಂದವರೇ ಟೇಪ್ ಹಿಡಿದು, ಮಧ್ಯಕ್ಕೆ ಒಂದು ಗೋಡೆ ಎಬ್ಬಿಸಿದರೆ ಎರಡು ಕೋಣೆ ಆಯಿತು ಅಂದರು. ಹಿತ್ತಲ ಕಡೆ ಕಾಲು ತೊಳೆಯೋ ಜಾಗ, ಅದನ್ನು ದಾಟಿದರೆ ಬಾತ್‌ರೂಮು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ನಡುಮನೆಯಿಂದ ಬರುವ ಬಾಗಿಲೂ ಹಿತ್ತಲ ಬಾಗಿಲೂ ಎರಡೂ ಒಂದೇ ಅರ್ಧಕ್ಕೆ ತೆರೆಯುತ್ತಿದ್ದವು. ಅಂದರೆ ನೆಂಟರು ಬಾತ್‌ರೂಮಿಗೆ ಹೋಗಬೇಕಾದರೆ ಕೆಸರಿನ ಕೋಣೆ ದಾಟಿಯೇ ಹೋಗಬೇಕು. ಹಾಗಾದರೆ ಇಷ್ಟೆಲ್ಲ ಯಾಕೆ ಮಾಡೋದು? ಕೆಸರು ಕಾಲಿನ ದಾರಿ ಬೇರೆ, ತೊಳೆದ ಕಾಲಿನ ದಾರಿ ಬೇರೆ ಆಗಲೇಬೇಕು ಅಂತ ನಾನು ಹಟ ಹಿಡಿದೆ. ಈ ಒಂದು ಹಟದಿಂದ ಖರ್ಚು ಜಾಸ್ತಿ ಆಯಿತು ನಿಜ. ಈಗ ಮತ್ತೆ ಕೇಳಿದರೂ ಅದನ್ನೇ ಹೇಳುತ್ತೇನೆ.

ಹಾಗಾದರೆ ಬಾತ್‌ರೂಮಿಗೆ ನಡುಮನೆಯ ಓಣಿಯಿಂದಲೇ ಹೊಸ ಬಾಗಿಲು ಬೇಕು. ಅಂದರೆ ಕಲ್ಲುಗೋಡೆ ಒಡೆಯಬೇಕು. ಮೇಲೆ ಚಪ್ಪಡಿಯ ಭಾರವೆಲ್ಲ ಆ ಗೋಡೆ ಮೇಲೇ ಇದೆ. ನನಗೆ ಭಯ ಆಗಿದ್ದು ಈ ಕೆಲಸಕ್ಕೆ ಮಾತ್ರ.

ಮೇಸ್ತ್ರಿ ಅದನ್ನು ಮಾಡಿದ ರೀತಿ ನೋಡುವ ಹಾಗಿತ್ತು. ಮೊದಲು ಗೋಡೆಯ ಎರಡೂ ಕಡೆ ಚಪ್ಪಡಿಗೆ ಜಾಕಿ ಕೊಟ್ಟು ಬಿಗಿ ಮಾಡಿದರು. ಆಮೇಲೆ ಗೋಡೆಯ ಪೂರ್ತಿ ದಪ್ಪ ಒಡೆಯಲಿಲ್ಲ. ಓಣಿಯ ಕಡೆಯಿಂದ ಅರ್ಧ ದಪ್ಪ ಮಾತ್ರ, ಅದೂ ಬಾಗಿಲಿನ ತಲೆ ಬರುವಲ್ಲಿ ಅಡ್ಡಕ್ಕೆ ಒಂದು ಗೂಡಿನಷ್ಟು ಬಿಡಿಸಿದರು. ಸುತ್ತಿಗೆ ಏಟು ಜೋರಾಗಿ ಹಾಕುವ ಹಾಗಿಲ್ಲ. ಹಾರೆ ತುದಿಯಿಂದ ಮಣ್ಣು ಕೆರೆದು ಕೆರೆದು ಕಲ್ಲನ್ನು ಸಡಿಲ ಮಾಡಿ ಕೈಯಲ್ಲಿ ಎತ್ತಿಡುತ್ತಿದ್ದರು. ಒಳಗಿನ ಮಣ್ಣು ಹಿಟ್ಟಿನ ಹಾಗೆ ಸುರಿಯುತ್ತಿತ್ತು. ಆ ಸಂದಿಗೆ ಕಲ್ಲಿನ ಲಿಂಟಲ್, ಅಂದರೆ ಬಾಗಿಲ ಮೇಲೆ ಭಾರ ಹೊರುವ ಅಡ್ಡಗಲ್ಲು ತಳ್ಳಿ, ಎರಡು ಕಡೆಯೂ ಮುಕ್ಕಾಲು ಅಡಿ ಗೋಡೆ ಮೇಲೆ ಕೂರಿಸಿ, ಮೇಲಿನ ಸಂದಿಗೆ ಗಟ್ಟಿ ಗಾರೆ ಗಿಡಿದರು. ಅದು ಬಲಿತ ಮೇಲೆ ಆಚೆ ಕಡೆಯ ಅರ್ಧಕ್ಕೂ ಹೀಗೇ ಇನ್ನೊಂದು ಲಿಂಟಲ್. ಎರಡೂ ಕೂತ ಮೇಲೆಯೇ ಕೆಳಗಿನ ಗೋಡೆ ಬಿಡಿಸಿದ್ದು. ಚಪ್ಪಡಿ ಒಂದು ನೂಲೂ ಅಲುಗಲಿಲ್ಲ. ಬಾಗಿಲಿಗೆ ಎರಡೂವರೆ ಅಡಿ ಸಾಕು ಅಂತ ಎಲ್ಲರೂ ಅಂದರು. ದೊಡ್ಡತ್ತೆ ಕೋಲು ಹಿಡಿದು, ಇನ್ನೊಬ್ಬರ ಕೈ ಹಿಡಿದು ಬರುವವರು, ಮೂರು ಅಡಿ ಇರಲಿ ಅಂತ ಅತ್ತೆ ಹೇಳಿದರು. ಅತ್ತೆಯ ಮಾತು ಸರಿಯಾಗಿತ್ತು.

ವಾಸ್ತು ವಿಷಯಕ್ಕೂ ಒಂದು ಸಂಜೆ ಹೋಯಿತು. ಬಚ್ಚಲು ವಾಯವ್ಯದಲ್ಲಿದೆ, ಅದು ಪರವಾಗಿಲ್ಲವಂತೆ. ಆದರೆ ಕಮೋಡಿನಲ್ಲಿ ಕೂತವರು ಪೂರ್ವಕ್ಕೆ ಮುಖ ಮಾಡಬಾರದು, ಉತ್ತರಕ್ಕೋ ದಕ್ಷಿಣಕ್ಕೋ ಇರಬೇಕು ಅಂತ ಪಕ್ಕದ ಮನೆಯವರು ಹೇಳಿ ಹೋದರು. ನನಗೆ ಅದರಲ್ಲಿ ನಂಬಿಕೆ ಕಮ್ಮಿ. ಆದರೆ ಹಾಗೆ ತಿರುಗಿಸಿದರೆ ಕಮೋಡಿನ ಪೈಪು ನೇರವಾಗಿ ಹೊರಗಿನ ಛೇಂಬರಿಗೆ ಹೋಗುತ್ತಿತ್ತು, ಒಂದು ಬೆಂಡ್ ಕಮ್ಮಿ ಆಗುತ್ತಿತ್ತು. ಸುಮ್ನೆ ಒಪ್ಪಿಕೊಂಡೆ.

ಕೆಲಸ ಯಾವಾಗ ಶುರು ಮಾಡೋದು ಅನ್ನೋದನ್ನೂ ಹುಳುಗಳೇ ತೀರ್ಮಾನ ಮಾಡಿದವು. ನಾವು ಚಾಕಿ ಸೆಂಟರಿಂದ, ಅಂದರೆ ಮರಿಹುಳು ಸಾಕಿ ಕೊಡುವ ಕಡೆಯಿಂದ, ಎರಡನೇ ಜ್ವರ ಎದ್ದ ಹುಳು ತರುತ್ತೇವೆ. ಹುಳು ಮೇವು ಬಿಟ್ಟು ಪೊರೆ ಕಳಚೋದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ತಿನ್ನೋದು ನೋಡಬೇಕು. ಒಂದು ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ಖರ್ಚು. ಆಗ ಮನೆಯಲ್ಲಿ ಯಾರಿಗೂ ಮೇಸ್ತ್ರಿಗೆ ಕಾಫಿ ಕೊಡೋಕೂ ಪುರುಸೊತ್ತು ಇರಲ್ಲ. ಜೊತೆಗೆ ಸಿಮೆಂಟ್ ಧೂಳು, ಪೇಂಟ್ ವಾಸನೆ ಹುಳಕ್ಕೆ ಆಗಲ್ಲ. ಒಡೆಯೋ ಕೆಲಸವನ್ನೆಲ್ಲ ರೇಷ್ಮೆ ಗೂಡು ಮಾರುಕಟ್ಟೆಗೆ ಹೋದ ಮೇಲೆ, ಹೊಸ ಹುಳು ಬರುವ ಮುಂಚೆ ಮುಗಿಸಿದೆವು. ಪೇಂಟನ್ನು ಮುಂದಿನ ಬೆಳೆ ಆದ ಮೇಲೆ ಅಂತ ತಳ್ಳಿದೆವು.

ನೆಲದ ಚಪ್ಪಡಿ ಎಬ್ಬಿಸಿದಾಗ ಕೆಳಗೆ ಹಳೇ ಕಲ್ಲಿನ ಮೋರಿ ಸಿಕ್ಕಿತು. ಹಿತ್ತಲಿನ ತೆಂಗಿನ ಮರಕ್ಕೆ ನೀರು ಹೋಗುವ ಮೋರಿ. ಮರ ನೀರಿಗಾಗಿ ಕಾಯದೆ ತಾನೇ ಒಳಗೆ ಬಂದುಬಿಟ್ಟಿತ್ತು. ಮೋರಿ ತುಂಬ ಬೇರು, ಕೈ ಹಾಕಿ ಎಳೆದರೆ ಕಂತೆ ಕಂತೆ. ಬಚ್ಚಲಲ್ಲಿ ನೀರು ನಿಲ್ಲುತ್ತಿದ್ದದ್ದು ಯಾಕೆ ಅಂತ ಆಗ ಗೊತ್ತಾಯಿತು. ಮೋರಿ ಮುಚ್ಚಿಸಿ ಪಿವಿಸಿ ಪೈಪು ಹಾಕಿಸಿದೆವು. ಕಮೋಡಿಗೆ 4 ಇಂಚು, ಅದು ಗುಂಡಿಗೆ. ಸ್ನಾನದ ನೀರಿಗೂ ಕಾಲು ತೊಳೆದ ನೀರಿಗೂ 3 ಇಂಚು, ಅದು ತೆಂಗಿಗೆ ಮತ್ತು ಬಾಳೆಗೆ. ಎಷ್ಟೋ ನೂರು ಅಡಿ ಆಳದಿಂದ ಬೋರ್‌ವೆಲ್ ನೀರು ಎತ್ತುವ ಊರಲ್ಲಿ ಸ್ನಾನದ ನೀರನ್ನು ಗುಂಡಿಗೆ ಬಿಡೋಕೆ ಮನಸ್ಸು ಬರಲ್ಲ.

ಆದರೆ ಕಾಲು ತೊಳೆದ ನೀರಿನ ಜೊತೆ ಮಣ್ಣೂ ಬರುತ್ತಲ್ಲ. ಪೈಪಿನೊಳಗೆ ಅದು ಕೂತರೆ ಒಂದೇ ಮಳೆಗಾಲಕ್ಕೆ ಪೈಪು ಕಟ್ಟುತ್ತದೆ. ಪ್ಲಂಬರ್ ಇದಕ್ಕೆ ನಾಣಿ ಟ್ರಾಪ್, ಅಂದರೆ ನೆಲದ ಜಾಲರಿ ಕೆಳಗೆ ಕೂರಿಸುವ ಬಟ್ಟಲು, ಸಾಕು ಅಂದರು. ಸಾಲದು ಅಂತ ಮಾವ. ತೋಟಕ್ಕೆ ನೀರು ಹಾಯಿಸಿ ಅಭ್ಯಾಸ ಇರುವವರು, ನೀರು ನಿಂತರೆ ಮಣ್ಣು ಕೂರುತ್ತದೆ ಅನ್ನೋದು ಅವರಿಗೆ ಗೊತ್ತು. ಹಿತ್ತಲ ಗೋಡೆ ಆಚೆ ಒಂದೂವರೆ ಅಡಿ ಚದರ, ಎರಡು ಅಡಿ ಆಳದ ತೊಟ್ಟಿ ಕಟ್ಟಿಸಿದರು. ನೀರು ಒಳಗೆ ಬರುವ ಪೈಪು ಮೇಲೆ. ಹೊರಗೆ ಹೋಗುವ ಪೈಪು ತಳದಿಂದ ಒಂದು ಅಡಿ ಎತ್ತರದಲ್ಲಿ. ಮಣ್ಣು ಕೆಳಗೆ ಉಳಿಯುತ್ತದೆ, ತಿಳಿನೀರು ಮೇಲಿಂದ ಹೋಗುತ್ತದೆ. ಮೇಲೆ ಎತ್ತಿಡುವ ಹಾಗೆ ಒಂದು ಚಪ್ಪಡಿ ತುಂಡು. ಇಡೀ ಕೆಲಸದಲ್ಲಿ ಅತಿ ಕಡಿಮೆ ದುಡ್ಡಿಗೆ ಆದದ್ದು ಇದು. ಅತಿ ಜಾಸ್ತಿ ಉಪಯೋಗಕ್ಕೆ ಬಂದದ್ದೂ ಇದೇ. ಆಗಾಗ ಒಂದು ಬಾಂಡ್ಲಿ ಕೆಂಪು ಮಣ್ಣು ಎತ್ತಿ ಮಾವ ಬಾಳೆ ಬುಡಕ್ಕೆ ಹಾಕುತ್ತಾರೆ.

ಗೋಡೆಯ ವಿಷಯಕ್ಕೆ ಬರುತ್ತೇನೆ. ಮಣ್ಣಿನ ಗೋಡೆಗೆ ಪೈಪು ಹೂಳೋಕೆ ಕೊರೆಯುವ ಹಾಗಿಲ್ಲ, ಕೊರೆದರೆ ಕಲ್ಲು ಸಡಿಲ. ಅದರ ಮೇಲೆ ನೇರವಾಗಿ ಟೈಲ್ಸ್ ಅಂಟಿಸಿದರೆ ಒಳಗೆ ತೇವ ನಿಂತು ಮಣ್ಣು ಕರಗುತ್ತದೆ. ಅದಕ್ಕೆ ಶವರ್, ಕಮೋಡು ಬರುವ ಕಡೆ ಮಾತ್ರ ಹಳೇ ಗೋಡೆಯ ಮುಂದೆ 4 ಇಂಚಿನ ಸಿಮೆಂಟ್ ಬ್ಲಾಕಿನ ಗೋಡೆ ಎಬ್ಬಿಸಿದೆವು. ಪೈಪೆಲ್ಲ ಅದರಲ್ಲೇ. ತುಕ್ಕು ಹಿಡಿದ ಹಳೇ ಜಿಐ, ಅಂದರೆ ಕಬ್ಬಿಣದ ಪೈಪು ತೆಗೆದು, ಬಿಸಿನೀರು ತಾಳುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿದೆವು. ಜಾಗ ಅರ್ಧ ಅಡಿ ಹೋಯಿತು ಅಂತ ಪ್ಲಂಬರ್ ಗೊಣಗಿದರು. ಹೋಗಲಿ ಬಿಡಿ, ಹಳೇ ಗೋಡೆ ಉಳಿಯಿತು. ಕಲ್ಲು ಮಣ್ಣಿನ ಮನೆ ಇರುವವರು ಯಾರೇ ಕೇಳಿದರೂ ನಾನು ಮೊದಲು ಹೇಳೋದು ಇದನ್ನೇ.

ವಾಟರ್ ಪ್ರೂಫಿಂಗ್ ಮೇಲಿನ ಮಹಡಿಗೆ ಮಾತ್ರ ಬೇಕು, ನೆಲಮಹಡಿಗೆ ಯಾಕೆ ಅಂತ ಮೇಸ್ತ್ರಿ ವಾದ. ಕೆಳಗೆ ಯಾರ ಮನೆಯೂ ಇಲ್ಲ ನಿಜ. ಆದರೆ ಪಕ್ಕದಲ್ಲಿ ಮಣ್ಣಿನ ಗೋಡೆ ಇದೆಯಲ್ಲ. ನೆಲ ಗೋಡೆ ಸೇರುವ ಮೂಲೆಗಳಿಗೆ ಗಾರೆ ದುಂಡಗೆ ಕೊಟ್ಟು, ಅದರ ಮೇಲೆ ಎರಡು ಕೋಟು ಬಳಿಸಿದೆವು. ಮೊದಲನೆಯದು ಉದ್ದಕ್ಕೆ, ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಗೋಡೆಗೆ ಒಂದು ಅಡಿ, ಶವರ್ ಇರುವಲ್ಲಿ ಆರು ಅಡಿ ಎತ್ತರದವರೆಗೆ. ಆಮೇಲೆ ಟ್ರಾಪಿಗೆ ಬಟ್ಟೆ ಗಿಡಿದು, ನೀರು ತುಂಬಿಸಿ ಎರಡು ದಿನ ನಿಲ್ಲಿಸಿದೆವು. ನೀರು ಇಳಿಯಲಿಲ್ಲ. ಟೈಲ್ಸಿನವರು ಅವಸರ ಮಾಡುತ್ತಾರೆ, ಈ ಎರಡು ದಿನ ಮಾತ್ರ ಬಿಟ್ಟುಕೊಡಬೇಡಿ.

ಟೈಲ್ಸ್ ಅಂಗಡಿಯವರ ಕಥೆ ಬೇರೆ. ಗೋಡೆಗೆ ತಿಳಿ ಕ್ರೀಮ್ ಬಣ್ಣದ್ದು ಆರಿಸಿದ್ದೆವು. ಮನೆಗೆ ಬಂದ ಪೆಟ್ಟಿಗೆಗಳನ್ನು ಬಿಸಿಲಲ್ಲಿ ಬಿಚ್ಚಿದರೆ ಅರ್ಧ ಕ್ರೀಮ್, ಅರ್ಧ ಕೆನೆ ಹಳದಿ. ಮಾಡೆಲ್ ನಂಬರ್ ಒಂದೇ, ಪೆಟ್ಟಿಗೆ ಮೇಲಿನ ಲಾಟ್ ನಂಬರ್ ಬೇರೆ. ಅಂಗಡಿಗೆ ಫೋನ್ ಮಾಡಿದರೆ "ಒಂದು ಸಲ ಹಾಕಿದ ಮೇಲೆ ಯಾರೂ ನೋಡಲ್ಲ ಬಿಡಿ ಮೇಡಮ್" ಅಂದರು. ಹಾಕಿದ ಮೇಲೆ ದಿನಾ ನೋಡೋರು ನಾವೇ ಅಲ್ವಾ? ಆ ಲಾಟ್ ಇನ್ನು ಸಿಗಲ್ಲ, ವಾಪಸ್ಸೂ ತಗೊಳ್ಳಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ಕೊನೆಗೆ ಕ್ರೀಮ್ ಬಾತ್‌ರೂಮಿಗೆ, ಹಳದಿಯದು ಕಾಲು ತೊಳೆಯುವ ಕೋಣೆಯ ಗೋಡೆಗೆ ನಾಲ್ಕು ಅಡಿ ಎತ್ತರಕ್ಕೆ. ಅಲ್ಲಿ ಕೆಂಪು ನೀರು ಹಾರಿದರೂ ಕಾಣಲ್ಲ. ಬಾತ್‌ರೂಮಿನ ನೆಲಕ್ಕೆ ಒಂದು ಅಡಿ ಚದರದ ಮ್ಯಾಟ್ ಟೈಲ್ಸ್, ಜಾರಲ್ಲ. ದೊಡ್ಡ ಟೈಲ್ಸ್ ನೋಡೋಕೆ ಚೆಂದ, ಆದರೆ ನೀರು ಹರಿಯೋ ಹಾಗೆ ನಾಲ್ಕೂ ಕಡೆಯಿಂದ ವಾಟ ಕೊಡೋಕೆ ಚಿಕ್ಕದೇ ಸರಿ.

ವಾಟ ಅಂದರೆ ಮೇಸ್ತ್ರಿಗೆ ಜೀವ. ಲೆಕ್ಕವೆಲ್ಲ ನೂಲಿನಲ್ಲಿ. ಒಂದು ಇಂಚಿಗೆ ಎಂಟು ನೂಲು. ಬಾತ್‌ರೂಮಿನ ನೆಲಕ್ಕೆ ಅಡಿಗೆ ಒಂದು ನೂಲು ಇಳಿಜಾರು. ಕಾಲು ತೊಳೆಯುವ ಕೋಣೆಗೆ ಅಡಿಗೆ ಎರಡು ನೂಲು, ಯಾಕೆಂದರೆ ಅಲ್ಲಿ ಹಾಸಿದ್ದು ಎಬ್ಬಿಸಿದ ಹಳೇ ಚಪ್ಪಡಿಗಳನ್ನೇ. ಒರಟು ಕಲ್ಲು, ಕಾಲು ಜಾರಲ್ಲ, ಆದರೆ ನೀರು ನಿಧಾನ. ಬಾತ್‌ರೂಮಿನಲ್ಲಿ ಅವರು ಜೇಬಿನಿಂದ ಒಂದು ಗೋಲಿ ತೆಗೆದು ಪ್ರತಿ ಮೂಲೆಯಲ್ಲೂ ಇಟ್ಟು ಬಿಟ್ಟರು. ಎಲ್ಲ ಮೂಲೆಯಿಂದಲೂ ಅದು ಉರುಳಿಕೊಂಡು ಟ್ರಾಪಿನ ಜಾಲರಿ ಹತ್ತಿರ ಬಂದು ನಿಂತಿತು. ಕಮೋಡಿನ ಹಿಂದೆ ಒಂದು ಕಡೆ ಮಾತ್ರ ಗೋಲಿ ಕದಲಲಿಲ್ಲ. ಯಾರೂ ಏನೂ ಹೇಳಲಿಲ್ಲ. ಅವರೇ ಕರಣೆ ತುದಿಯಿಂದ ಆ ಎರಡು ಟೈಲ್ಸ್ ಮೀಟಿ ತೆಗೆದು, ಕೆಳಗಿನ ಗಾರೆ ಕೆರೆದು ಮತ್ತೆ ಕೂರಿಸಿದರು. ಚಪ್ಪಡಿ ಮೇಲೆ ಗೋಲಿ ಆಟ ನಡೆಯಲ್ಲ. ಅಲ್ಲಿ ಒಂದು ಬಕೆಟ್ ನೀರಿಗೆ ಕೆಂಪು ಮಣ್ಣು ಕಲಸಿ ಸುರಿದರು. ನೀರು ಹೋದ ಮೇಲೆ ಮಣ್ಣು ಎಲ್ಲಿ ಉಳಿಯಿತೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಆ ಕಲ್ಲನ್ನು ಎತ್ತಿ ಸರಿಮಾಡಿದರು.

ಕಾಲು ತೊಳೆಯುವ ಕೋಣೆ ಓಣಿಗಿಂತ ನಾಲ್ಕು ಇಂಚು ತಗ್ಗು. ನೀರು ಎಷ್ಟೇ ಚೆಲ್ಲಿದರೂ ಹೊಸ್ತಿಲು ದಾಟಲ್ಲ. ಬಾತ್‌ರೂಮು ಒಂದೇ ಇಂಚು ತಗ್ಗು, ವಯಸ್ಸಾದವರು ಎಡವಬಾರದು ಅಂತ. ಕಮೋಡಿನ ಪಕ್ಕ ಕೈ ಹಿಡಿಯೋಕೆ ಒಂದು ಸ್ಟೀಲ್ ಕಂಬಿ. ಹೊಸ ಬ್ಲಾಕ್ ಗೋಡೆಗೆ ಕೂರಿಸಿದ್ದರಿಂದ ಗಟ್ಟಿಯಾಗಿ ನಿಂತಿದೆ, ಮಣ್ಣಿನ ಗೋಡೆಗಾದರೆ ಬೋಲ್ಟು ಕಿತ್ತು ಬರುತ್ತಿತ್ತು.

ಕಾಲು ತೊಳೆಯುವ ಕೋಣೆಯಲ್ಲಿ ಎರಡು ನಲ್ಲಿ. ಒಂದು ಮಂಡಿಗಿಂತ ಕೆಳಗೆ ಕಾಲಿಗೆ, ಇನ್ನೊಂದು ಸೊಂಟದ ಎತ್ತರಕ್ಕೆ ಕೈಗೆ. ಗೋಡೆ ಪಕ್ಕ ಉದ್ದಕ್ಕೆ ಕಲ್ಲಿನ ಜಗಲಿ, ಅದರ ಕೆಳಗೆ ಚಪ್ಪಲಿ, ಗಮ್‌ಬೂಟು. ಕೂತುಕೊಂಡು ಬೂಟು ಕಳಚಬಹುದು. ಮೇಲೆ ಸಾಲಾಗಿ ಗೂಟ, ತೋಟದ ಅಂಗಿ, ಟವೆಲ್, ಟೋಪಿಗೆ. ಔಷಧಿ ಹೊಡೆದ ಬಟ್ಟೆಗೆ ಇಲ್ಲಿ ಜಾಗ ಇಲ್ಲ, ಅದಕ್ಕೆ ಆಚೆ ಬೇರೆ ಗೂಟ, ಬೇರೆ ಬಕೆಟ್ಟು. ವಾಷಿಂಗ್ ಮಷೀನೂ ಇಲ್ಲೇ ಬಂತು, ಆದರೆ ಆ ಬಟ್ಟೆ ಮಷೀನಿಗೆ ಹಾಕಲ್ಲ.

ದೊಡ್ಡ ಜಗಳ ಆಗಿದ್ದು ಹಂಡೆಗೆ. ಗೀಸರ್ ಹಾಕಿದರೆ ಹಂಡೆ ಯಾಕೆ ಅಂತ ನಾನು. "ಕಡ್ಡಿ ಏನು ಮಾಡ್ತೀಯಾ?" ಅಂತ ಅತ್ತೆ. ಅವರ ಮಾತಿನಲ್ಲೂ ಅರ್ಥ ಇತ್ತು. ಹುಳು ಸೊಪ್ಪು ತಿಂದು ಉಳಿದ ಹಿಪ್ಪುನೇರಳೆ ಕಡ್ಡಿ ಹಿತ್ತಲಲ್ಲಿ ರಾಶಿ ರಾಶಿ ಇರುತ್ತದೆ. ಪುಕ್ಕಟೆ ಸೌದೆ. ಇದರ ಮೇಲೆ ನಮ್ಮ ಬೋರ್‌ವೆಲ್ ನೀರು ಗಡಸು, ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಕೊನೆಗೆ ಹಂಡೆಯನ್ನು ಹಿತ್ತಲ ಗೋಡೆಗೆ ಒತ್ತಿ ಶೀಟು ಇಳಿಸಿ ಅದರ ಕೆಳಗೆ ಹೊಸ ಒಲೆ ಮೇಲೆ ಕೂರಿಸಿದೆವು. ಹೊಗೆ ಹೊರಗೇ ಹೋಗುತ್ತದೆ. ಬಾತ್‌ರೂಮಿಗೆ 15 ಲೀಟರಿನ ಗೀಸರ್.

ಖರ್ಚು ಎಲ್ಲ ಸೇರಿ ಎರಡು ಲಕ್ಷ ದಾಟಿತು. ಅದರಲ್ಲಿ ಕೂಲಿಯದೇ ದೊಡ್ಡ ಪಾಲು, ಯಾಕೆಂದರೆ ಕಲ್ಲುಗೋಡೆ ಬಿಡಿಸೋ ಕೆಲಸ ನಿಧಾನ. ಚಪ್ಪಡಿ ಹೊಸದು ಕೊಳ್ಳದೇ ಇದ್ದದ್ದರಿಂದ ಸ್ವಲ್ಪ ಉಳಿಯಿತು. ದುಡ್ಡು ಸಾಲದೆ ಬಿಟ್ಟಿದ್ದು ಎಕ್ಸಾಸ್ಟ್ ಫ್ಯಾನು ಮತ್ತು ಕನ್ನಡಿಯ ಬೀರು. ವೆಂಟಿಲೇಟರ್ ದೊಡ್ಡದಾಗಿರೋದರಿಂದ ಫ್ಯಾನಿನ ನೆನಪೇ ಬರಲ್ಲ.

ಮನೆಯಲ್ಲಿ ಒಂದು ಹೊಸ ಕಟ್ಟಳೆ ಮಾತ್ರ ಬಂದಿದೆ. ಹುಳು ಸಾಕುವ ಮನೆಯಲ್ಲಿ ಬ್ಲೀಚಿಂಗ್ ಪೌಡರ್ ಯಾವಾಗಲೂ ಇರುತ್ತದೆ. ಟೈಲ್ಸ್ ತೊಳೆಯೋ ಆಸಿಡ್ ಅದರ ಜೊತೆ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ. ಎರಡೂ ಕೋಣೆ ಅಕ್ಕಪಕ್ಕ ಇರೋದರಿಂದ ನಮ್ಮ ಮನೆಗೆ ಆಸಿಡ್ ಬಾಟಲಿ ಬರಲೇಬಾರದು ಅಂತ ಮಾಡಿದ್ದೇವೆ. ಸೋಪಿನ ಪುಡಿ, ಬ್ರಷ್ಷು, ಅಷ್ಟೇ. ನಲ್ಲಿಗಳ ಮೇಲೆ ಗಡಸು ನೀರಿನ ಬಿಳಿ ಚುಕ್ಕೆ ಕೂರುತ್ತವೆ, ಸ್ನಾನ ಆದವರು ಒಂದು ಬಟ್ಟೆಯಲ್ಲಿ ಒರೆಸಿ ಬರಬೇಕು. ದೊಡ್ಡತ್ತೆ ಯುಗಾದಿಗೆ ಬಂದು ಒಂದು ವಾರ ಇದ್ದರು. ನಲ್ಲಿ ಒರೆಸೋದನ್ನು ಅವರೊಬ್ಬರೇ ತಪ್ಪದೆ ಮಾಡಿದ್ದು. ಗೀಸರ್ ಮಾತ್ರ ಮುಟ್ಟಲಿಲ್ಲ, ಹಂಡೆ ನೀರೇ ಬೇಕು ಅಂತ ಬಕೆಟ್ಟಲ್ಲಿ ತರಿಸಿಕೊಂಡರು.